ಒಳಹೊಕ್ಕರೂ ಒಡೆಯಲಾಗದ ಕೋಟೆ

ವೇಷ ಮರೆಸಿಕೊಂಡು ಶತ್ರುವಿನ ಕೋಟೆಗೆ ನುಗ್ಗುವ ಕಥೆಗಳನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅಮೆರಿಕದ ಲೇಖಕ ಡೇವ್ ಎಗ್ಗರ್ಸ್ 2021ರಲ್ಲಿ ಪ್ರಕಟಿಸಿದ ‘ದಿ ಎವ್ರಿ’ ಕಾದಂಬರಿಯಲ್ಲಿ ಕೋಟೆಯ ಜಾಗದಲ್ಲಿರುವುದು ಒಂದು ಕಂಪೆನಿ. ಮಾಹಿತಿ ಹುಡುಕಾಟ, ಗೆಳೆಯರ ಹರಟೆ, ಅಂಗಡಿ ವ್ಯಾಪಾರ ಎಲ್ಲವನ್ನೂ ನುಂಗಿ, ಎಲ್ಲರ ಮೇಲೂ ಕಣ್ಣಿಟ್ಟಿರುವ ಕಂಪೆನಿ. ಅದನ್ನು ಒಳಗಿನಿಂದಲೇ ಕೆಡವಬೇಕೆಂದು ಡಿಲೇನಿ ಎಂಬ ಯುವತಿ ಅಲ್ಲಿ ಕೆಲಸಕ್ಕೆ ಸೇರುತ್ತಾಳೆ.

ಈ ಬಗೆಯ ಕಾದಂಬರಿಗಳಿಗೆ ಹಿರಿಯಣ್ಣ ರಷ್ಯದ ಯೆವ್ಗೆನಿ ಜಮ್ಯಾತಿನ್. ವೃತ್ತಿಯಲ್ಲಿ ಹಡಗು ಕಟ್ಟುವ ಎಂಜಿನಿಯರ್. 1920-21ರಲ್ಲಿ ಅವನು ಬರೆದ ಕಾದಂಬರಿಯ ಹೆಸರೇ ‘ನಾವು’! ಅಲ್ಲಿ ಜನರಿಗೆ ಹೆಸರಿಲ್ಲ, ನಂಬರು ಮಾತ್ರ. ಮನೆಯ ಗೋಡೆಗಳೆಲ್ಲ ಗಾಜು. ಪರದೆ ಇಳಿಸಬೇಕಾದರೂ ಚೀಟಿ ಬೇಕು. ಸೋವಿಯತ್ ಸರಕಾರ ಅದನ್ನು ಅಚ್ಚಾಗಲು ಬಿಡಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದವಾಗಿ ಹೊರಬಂತು. ಹುಟ್ಟಿದ ನಾಡಿನಲ್ಲಿ ಅಚ್ಚಾದದ್ದು 1988ರಲ್ಲಿ. ಅಷ್ಟರಲ್ಲಿ ಲೇಖಕ ಪ್ಯಾರಿಸಿನಲ್ಲಿ ತೀರಿಕೊಂಡು ಅರ್ಧ ಶತಮಾನ ಕಳೆದಿತ್ತು.

ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಆ ಪುಸ್ತಕವನ್ನೋದಿ 1946ರಲ್ಲಿ ವಿಮರ್ಶೆ ಬರೆದ. ಅವನ ‘1984’ ಬಂದದ್ದು 1949ರಲ್ಲಿ. ಅಲ್ಲಿ ಗೋಡೆಯ ಮೇಲಿನ ಟೆಲಿಸ್ಕ್ರೀನು ಮನೆಯವರನ್ನೇ ನೋಡುತ್ತಿರುತ್ತದೆ.

ಈ ಇಬ್ಬರ ಕಥೆಗಳಲ್ಲೂ ಕಣ್ಣಿಡುವುದು ಪ್ರಭುತ್ವ. ಜನ ಅಂಜಿ ಸುಮ್ಮನಿರುತ್ತಾರೆ. ಎಗ್ಗರ್ಸ್‌ನ ಕಥೆಯಲ್ಲಿ ಅಂಜಿಕೆಯೇ ಇಲ್ಲ. ಡಿಲೇನಿ ಮತ್ತು ಅವಳ ಗೆಳೆಯ ವೆಸ್, ಜನ ಸಿಟ್ಟಿಗೇಳಲಿ ಎಂದೇ ಕೆಟ್ಟ ಕೆಟ್ಟ ಆ್ಯಪ್‌ಗಳನ್ನು ಸೂಚಿಸುತ್ತಾರೆ. ಗೆಳೆಯನ ಮಾತು ಪ್ರಾಮಾಣಿಕವೋ ಅಲ್ಲವೋ ಎಂದು ಅಳೆಯುವ ಆ್ಯಪ್ ಅವುಗಳಲ್ಲೊಂದು. ಜನ ಸಿಟ್ಟಾಗುವುದಿಲ್ಲ, ಮುಗಿಬಿದ್ದು ಕೊಳ್ಳುತ್ತಾರೆ! ಮಾಸ್ತರರು ನೋಡುತ್ತಾರೆಂದು ಬೆಂಚಿನಡಿ ಕಾಮಿಕ್ಸ್ ಅಡಗಿಸುವ ಮಕ್ಕಳನ್ನು ನಾವು ಬಲ್ಲೆವು. ಮಾಸ್ತರರ ಕಣ್ಣನ್ನೇ ಕಾಸು ಕೊಟ್ಟು ಜೇಬಿಗಿಳಿಸುವವರನ್ನು ಆರ್ವೆಲ್ ಕೂಡ ಊಹಿಸಿರಲಿಲ್ಲ.

ಇದು ಬರೀ ಕಟ್ಟುಕತೆ ಎನ್ನುವಂತಿಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿ ತನ್ನ ಗಿರಾಕಿಗಳ ಕಿಂಡಲ್‌ಗಳಿಂದ, ಅವರು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ದುಡ್ಡು ಹಿಂದಿರುಗಿಸಿತು, ಆಮೇಲೆ ಅದರ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದ. ಅಳಿಸಿಹೋದ ಪುಸ್ತಕಗಳಲ್ಲಿ ಒಂದು ‘1984’!

ಎಗ್ಗರ್ಸ್ ತನ್ನ ಕಾದಂಬರಿಯ ಗಟ್ಟಿರಟ್ಟಿನ ಪ್ರತಿಯನ್ನು ಅಮೆಜಾನಿಗೆ ಕೊಡಲಿಲ್ಲ. 2021ರ ಅಕ್ಟೋಬರಿನಲ್ಲಿ ಅದು ಮೊದಲು ಸಿಕ್ಕಿದ್ದು ಸ್ವತಂತ್ರ ಪುಸ್ತಕದಂಗಡಿಗಳಲ್ಲಿ ಮಾತ್ರ.