ಖಳನಿಗೆ ದಂಡವೋ ದಯೆಯೋ: ಅಮೆರಿಕದ ವೈಜ್ಞಾನಿಕ ಕಥಾಧಾರಾವಾಹಿಗಳಲ್ಲಿ ನ್ಯಾಯದ ಪ್ರಶ್ನೆ (1966–2007)

ಕಥೆಯ ಖಳನು ಯುದ್ಧದಲ್ಲಿ ಹತನಾದರೆ ನ್ಯಾಯದ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಅವನು ಜೀವಂತವಾಗಿ ಸೆರೆಸಿಕ್ಕಾಗ ಮಾತ್ರ ದಂಡ ಮತ್ತು ದಯೆಗಳ ನಡುವಣ ಇಕ್ಕಟ್ಟು ತಲೆದೋರುತ್ತದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕದ ದೂರದರ್ಶನದ ವೈಜ್ಞಾನಿಕ ಕಥಾಧಾರಾವಾಹಿಗಳು ಈ ಇಕ್ಕಟ್ಟನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡವು. ಅವು ನೀಡಿದ ಉತ್ತರಗಳು ಹೇಗೆ ಬದಲಾದವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾಲ್ಕು ನಿದರ್ಶನಗಳ ಮೂಲಕ ಪರಿಶೀಲಿಸಲಾಗಿದೆ. ಈ ಬದಲಾವಣೆಗೆ ಸಮಕಾಲೀನ ಇತಿಹಾಸವು ಎಷ್ಟು ಕಾರಣವೋ ಧಾರಾವಾಹಿಯ ಕಥನರೂಪವೂ ಅಷ್ಟೇ ಕಾರಣವೆಂಬುದು ಇಲ್ಲಿನ ಪ್ರತಿಪಾದನೆ.

1

‘ಸ್ಟಾರ್ ಟ್ರೆಕ್’ ಧಾರಾವಾಹಿಯು 1966ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ಜಾಲದಲ್ಲಿ ಆರಂಭವಾಯಿತು. 1961ರಲ್ಲಿ ಜೆರೂಸಲೇಮಿನಲ್ಲಿ ನಡೆದ ಅಡಾಲ್ಫ್ ಐಖ್‌ಮನ್ನನ ವಿಚಾರಣೆ ಆಗಿನ ಪ್ರೇಕ್ಷಕರಿಗೆ ಹಳೆಯ ಸಂಗತಿಯಾಗಿರಲಿಲ್ಲ. ಡಿಸೆಂಬರಿನಲ್ಲಿ ಪ್ರಸಾರವಾದ ‘ದಿ ಕಾನ್ಶೆನ್ಸ್ ಆಫ್ ದಿ ಕಿಂಗ್’ ಎಂಬ ಕಂತನ್ನು ಈ ಹಿನ್ನೆಲೆಯಲ್ಲಿ ಓದಬಹುದು. ಅದರ ಖಳನಾದ ಕೋಡೋಸನು ಒಂದು ವಸಾಹತಿನ ರಾಜ್ಯಪಾಲ. ಆಹಾರ ಸಂಗ್ರಹವು ನಾಶವಾದಾಗ 8,000 ನಿವಾಸಿಗಳಲ್ಲಿ ಅರ್ಧದಷ್ಟು ಜನರನ್ನು ಕೊಲ್ಲಿಸಿದವನು. ಇಪ್ಪತ್ತು ವರ್ಷಗಳ ಬಳಿಕ ಅವನು ಹೆಸರು ಮರೆಸಿಕೊಂಡು ನಾಟಕದ ನಟನಾಗಿ ಬಾಳುತ್ತಿದ್ದಾನೆ. ಅವನನ್ನು ಕಣ್ಣಾರೆ ಕಂಡು ಬದುಕುಳಿದವರಲ್ಲಿ ನೌಕೆಯ ನಾಯಕ ಕರ್ಕ್ ಒಬ್ಬ. ತಾನು ಅರಸುತ್ತಿರುವುದು ನ್ಯಾಯವನ್ನೋ ಸೇಡನ್ನೋ ಎಂಬ ಶಂಕೆ ಕರ್ಕ್‌ನನ್ನು ಕಾಡುತ್ತದೆ. ಆದರೆ ತೀರ್ಪಿನ ಗಳಿಗೆ ಬರುವುದೇ ಇಲ್ಲ. ಕರ್ಕ್‌ನತ್ತ ಮಗಳು ಹಾರಿಸಿದ ಆಯುಧಕ್ಕೆ ಕೋಡೋಸನು ತಾನೇ ಅಡ್ಡಬಂದು ಸಾಯುತ್ತಾನೆ. ಪ್ರಶ್ನೆಯನ್ನು ಎತ್ತಿದ ಕಥೆಯೇ ಉತ್ತರಿಸುವ ಹೊಣೆಯಿಂದ ನುಣುಚಿಕೊಂಡಿತೆನ್ನಬೇಕು.

1967ರ ಫೆಬ್ರುವರಿಯ ‘ಸ್ಪೇಸ್ ಸೀಡ್’ ಕಂತಿನಲ್ಲಿ ಖಳನು ಬದುಕುಳಿಯುತ್ತಾನೆ. ಖಾನ್ ಹಿಂದೊಮ್ಮೆ ಭೂಮಿಯ ನಾಲ್ಕನೆಯ ಒಂದು ಭಾಗವನ್ನು ಆಳಿದ್ದ ಸರ್ವಾಧಿಕಾರಿ. ನೌಕೆಯನ್ನು ವಶಪಡಿಸಿಕೊಳ್ಳಲು ಹೋಗಿ ಸೋತ ಅವನ ಮೇಲಿನ ಆರೋಪಗಳನ್ನೆಲ್ಲ ಕರ್ಕ್ ಕೈಬಿಟ್ಟು, ಅನುಚರರೊಡನೆ ಅವನನ್ನು ನಿರ್ಜನ ಗ್ರಹವೊಂದಕ್ಕೆ ಕಳುಹಿಸುತ್ತಾನೆ. ಕಾಡನ್ನು ಕಡಿದು ರಾಜ್ಯ ಕಟ್ಟುವ ಅವಕಾಶವೇ ಅವನಿಗೆ ದೊರೆತ ದಂಡ. ಇದು ಉದಾರವಾದ ತೀರ್ಮಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂದಿನ ಧಾರಾವಾಹಿಗಳಲ್ಲಿ ಪ್ರತಿ ಕಂತೂ ತನ್ನಲ್ಲೇ ಮುಗಿಯುತ್ತಿತ್ತು; ಮುಂದಿನ ವಾರ ನೌಕೆಯು ಬೇರೊಂದು ಲೋಕದಲ್ಲಿರುತ್ತಿತ್ತು. ಕ್ಷಮಿಸಿದವನು ಅದರ ಪರಿಣಾಮವನ್ನು ಕಾಣಬೇಕಾದ ಅಗತ್ಯವೇ ಇರಲಿಲ್ಲ. 1982ರಲ್ಲಿ ತೆರೆಕಂಡ ‘ದಿ ರ್‍ಯಾತ್ ಆಫ್ ಖಾನ್’ ಚಲನಚಿತ್ರವು ಇದೇ ಕೊರತೆಯನ್ನು ತನ್ನ ವಸ್ತುವನ್ನಾಗಿ ಮಾಡಿಕೊಂಡಿತು. ನೆರೆಯ ಗ್ರಹದ ಸ್ಫೋಟದಿಂದ ಖಾನನ ನೆಲವು ಮರುಭೂಮಿಯಾಗಿತ್ತು, ಅವನ ಪತ್ನಿ ಮಡಿದಿದ್ದಳು. ಅವರ ಸ್ಥಿತಿಯನ್ನು ವಿಚಾರಿಸಲು ಒಬ್ಬರೂ ಬಂದಿರಲಿಲ್ಲ. ಅವನ ದ್ವೇಷವನ್ನು ಬೆಳೆಸಿದ್ದು ಗಡಿಪಾರಿಗಿಂತ ಹೆಚ್ಚಾಗಿ ಈ ಮರೆವು.

2

‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ‘ಡ್ಯುಯೆಟ್’ ಕಂತು 1993ರ ಜೂನಿನಲ್ಲಿ ಪ್ರಸಾರವಾಯಿತು. ಹಿಂದಿನ ತಿಂಗಳಷ್ಟೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಹಿಂದಿನ ಯುಗೊಸ್ಲಾವಿಯದ ಯುದ್ಧಾಪರಾಧಗಳ ವಿಚಾರಣೆಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯನ್ನು ಸ್ಥಾಪಿಸಿತ್ತು. ಇವೆರಡರ ನಡುವೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಕಾಲದ ಕಾಳಜಿ ಒಂದೇ ಆಗಿತ್ತೆಂದರೆ ಸಾಕು. ಪರಕೀಯರ ಆಕ್ರಮಣದಿಂದ ಬಿಡುಗಡೆಗೊಂಡ ಬಜೋರ್ ಗ್ರಹದ ಹೋರಾಟಗಾರ್ತಿ ಕೀರಾಳ ವಶಕ್ಕೆ ಕಾರ್ಡೇಸಿಯನ್ ಜನಾಂಗದ ಬಂದಿಯೊಬ್ಬನು ಸಿಗುತ್ತಾನೆ. ಗ್ಯಾಲಿಟೆಪ್ ಎಂಬ ಕುಖ್ಯಾತ ದುಡಿಮೆ ಶಿಬಿರದ ಅಧಿಪತಿ ತಾನೇ ಎಂದು ಅವನು ಹೆಮ್ಮೆಯಿಂದಲೇ ಸಾರುತ್ತಾನೆ. ನಿಜದಲ್ಲಿ ಅವನು ಅಲ್ಲಿಯ ಗುಮಾಸ್ತ ಮರಿಟ್ಜಾ. ಇರುಳಿಡೀ ಕೇಳಿಸುತ್ತಿದ್ದ ಆಕ್ರಂದನಕ್ಕೆ ಕಿವಿ ಮುಚ್ಚಿಕೊಂಡು ಕುಳಿತಿದ್ದವನು. ತನ್ನನ್ನು ಶಿಕ್ಷಿಸುವ ಮೂಲಕವಾದರೂ ತನ್ನ ನಾಡು ಪಾಪವನ್ನು ಒಪ್ಪಿಕೊಳ್ಳಲಿ ಎಂಬುದು ಅವನ ಹಂಬಲ. ಸತ್ಯ ತಿಳಿದ ಕೀರಾ ಅವನನ್ನು ಬಿಟ್ಟುಬಿಡುತ್ತಾಳೆ. ಆದರೆ ಬಜೋರಿನವನೊಬ್ಬ, ಜನಾಂಗವೊಂದನ್ನೇ ಕಾರಣ ಮಾಡಿ, ಅವನನ್ನು ಇರಿದು ಕೊಲ್ಲುತ್ತಾನೆ. ಆ ಕಾರಣ ಸಾಲದೆಂಬುದು ಕೀರಾಳ ಕೊನೆಯ ಅರಿವು. ಇಲ್ಲಿ ಕ್ಷಮಿಸುವವಳು ಪೀಡಿತಳೇ ಆಗಿರುವುದು ಮುಖ್ಯ. ಆದರೆ ಒಬ್ಬಳ ಕ್ಷಮೆ ಸಮುದಾಯದ ಕ್ಷಮೆಯಾಗಲಾರದು ಎಂಬುದನ್ನೂ ಈ ಕಂತು ಮರೆಮಾಚುವುದಿಲ್ಲ.

3

‘ಡೀಪ್ ಸ್ಪೇಸ್ ನೈನ್’ನ ಲೇಖಕರಲ್ಲಿ ಒಬ್ಬರಾಗಿದ್ದ ರೊನಾಲ್ಡ್ ಮೂರ್ ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ವನ್ನು ಹೊಸದಾಗಿ ರೂಪಿಸಿದರು. ಇದರ ಕಥೆ ವಾರದಿಂದ ವಾರಕ್ಕೆ ಹರಿಯುತ್ತದೆ; ಅಳಿದುಳಿದ ಸುಮಾರು ನಲವತ್ತು ಸಾವಿರ ಜನರಿಗೆ ತಮ್ಮ ನೌಕೆಗಳ ಹೊರತು ಹೋಗಲು ಬೇರೆ ಎಡೆಯಿಲ್ಲ. 2006ರ ಅಕ್ಟೋಬರಿನ ‘ಕೊಲ್ಯಾಬರೇಟರ್ಸ್’ ಕಂತಿನಲ್ಲಿ ಗುಪ್ತ ಮಂಡಳಿಯೊಂದು ಶತ್ರುವಿಗೆ ನೆರವಾದವರನ್ನು ಅಂತರಿಕ್ಷದ ಶೂನ್ಯಕ್ಕೆ ನೂಕಿ ಕೊಲ್ಲುತ್ತದೆ. ಗೇಟಾ ಎಂಬಾತನ ಸರದಿ ಬಂದಾಗ, ಪ್ರತಿರೋಧದ ಹೋರಾಟಗಾರರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದವನು ಅವನೇ ಎಂಬುದು ಕೊನೆಯ ಕ್ಷಣದಲ್ಲಿ ಬಯಲಾಗುತ್ತದೆ. ಬಳಿಕ ಅಧ್ಯಕ್ಷೆ ರೋಸ್ಲಿನ್ ಸಾರ್ವತ್ರಿಕ ಕ್ಷಮಾದಾನವನ್ನು ಘೋಷಿಸುತ್ತಾಳೆ. ದಕ್ಷಿಣ ಆಫ್ರಿಕದಲ್ಲಿ 1996ರಲ್ಲಿ ಕೆಲಸ ಆರಂಭಿಸಿದ ಸತ್ಯ ಮತ್ತು ಸಂಧಾನ ಆಯೋಗದ ನೆನಪು ಇಲ್ಲಿ ಸಹಜವಾಗಿಯೇ ಮೂಡುತ್ತದೆ.

2007ರ ಮಾರ್ಚ್‌ನಲ್ಲಿ ಎರಡು ಭಾಗಗಳಲ್ಲಿ ಪ್ರಸಾರವಾದ ‘ಕ್ರಾಸ್‌ರೋಡ್ಸ್’ನಲ್ಲಿ, ಆಕ್ರಮಣಕಾಲದ ಅಧ್ಯಕ್ಷ ಬಾಲ್ಟರ್‌ನ ವಿಚಾರಣೆ ನಡೆಯುತ್ತದೆ. ಮರಣಪಟ್ಟಿಗೆ ಅವನು ಸಹಿ ಹಾಕಿದ್ದು ನಿಜ. ತಲೆಗೆ ಬಂದೂಕು ಹಿಡಿದಿದ್ದೂ ನಿಜ. ಅವನ ಪರ ನಿಂತ ಲೀ ಅಡಾಮಾನ ವಾದ ನೇರವಾದದ್ದು: ದಂಗೆಯೆದ್ದವರನ್ನೂ ಆತ್ಮಾಹುತಿ ದಾಳಿಗೆ ಜನರನ್ನು ಕಳುಹಿಸಿದವರನ್ನೂ ಕ್ಷಮಿಸಿದ ಸಮುದಾಯವು, ತನ್ನ ಅವಮಾನವನ್ನೆಲ್ಲ ಒಬ್ಬನ ತಲೆಗೆ ಕಟ್ಟಿ ಹೊರನೂಕಹೊರಟಿದೆ. ಐವರು ನ್ಯಾಯಾಧೀಶರಲ್ಲಿ ಮೂವರು ಬಿಡುಗಡೆಯ ಪರವಾಗಿ ಮತ ನೀಡುತ್ತಾರೆ. ಆದರೂ ಜನರ ಕೋಪ ತಣಿಯುವುದಿಲ್ಲ. ಬಿಡುಗಡೆ ಪಡೆದವನು ತಲೆಮರೆಸಿಕೊಂಡೇ ಬಾಳಬೇಕಾಗುತ್ತದೆ.

ಈ ನಾಲ್ಕು ನಿದರ್ಶನಗಳನ್ನು ಒಟ್ಟಿಗೆ ನೋಡಿದಾಗ, ಖಳನು ದಯೆಗೆ ಅರ್ಹನೇ ಎಂಬ ಪ್ರಶ್ನೆಯು ಕ್ರಮೇಣ ತೀರ್ಪುಗಾರನು ತೀರ್ಪಿಗೆ ಅರ್ಹನೇ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿರುವುದು ಕಂಡುಬರುತ್ತದೆ. ಒಂದೇ ಕಂತಿನಲ್ಲಿ ಮುಗಿಯುವ ಕಥೆಯಲ್ಲಿ ಕ್ಷಮೆ ಒಂದು ಮುಕ್ತಾಯ. ಮುಂದುವರಿಯುವ ಕಥೆಯಲ್ಲಿ ಅದೊಂದು ಆರಂಭ. ಖಾನನನ್ನು ದೂರದ ಗ್ರಹದಲ್ಲಿ ಇಳಿಸಿ ಮರೆಯುವುದು ಸಾಧ್ಯವಿತ್ತು. ಬಾಲ್ಟರ್‌ನೊಡನೆ ಮರುದಿನವೂ ಅದೇ ನೌಕೆಗಳಲ್ಲಿ ಬಾಳಬೇಕಿತ್ತು. ದಯೆಯ ನಿಜವಾದ ಪರೀಕ್ಷೆ ನಡೆಯುವುದು ಆ ಮರುದಿನದಲ್ಲಿ.