ಉರಿಮೂತ್ರಕ್ಕೆ ‘ಎರಡು ಗುಳಿಗೆ’ ಸಾಕಾಗೋದಿಲ್ಲ: ಮೂತ್ರನಾಳದ ಸೋಂಕಿಗೆ ಚಿಕಿತ್ಸೆ ಏನು, ತಡೆಯೋದು ಹ್ಯಾಂಗ?

ಬೀದರ್: ‘ಒಂದಕ್ಕ ಹೋದ್ರ ಉರೀಲತ್ಯದ, ಏನರೆ ಕೊಡ್ರಿ.’ ಬ್ಯಾಸಿಗಿ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಎಲ್ಲಾ ಕಡೆ ಔಷಧ ಅಂಗಡಿಯ ಕೌಂಟರಿನಲ್ಲಿ ಕೇಳಿಬರುವ ಮಾತಿದು. ಕೇಳುವವರು ನಾಚಿಕೊಂಡು ಕೇಳ್ತಾರೆ. ಕೊಡುವವರೂ ಎಷ್ಟೋ ಸಲ ಹೆಚ್ಚು ವಿಚಾರಿಸದೆ ಎರಡು ಗುಳಿಗೆ, ಒಂದು ಸಿರಪ್ ಕೊಟ್ಟು ಕಳಿಸ್ತಾರೆ. ಎರಡು ದಿನಕ್ಕೆ ಉರಿ ಇಳಿಯುತ್ತದೆ, ಹದಿನೈದು ದಿನಕ್ಕೆ ಮತ್ತೆ ಶುರು. ರೋಗ ಪೂರ್ತಿ ವಾಸಿಯಾಗದೆ ಔಷಧಿಗೆ ಬಗ್ಗದಂತಾಗೋದು ಹೀಗೇ.

ಉಷ್ಣವೋ, ಸೋಂಕೋ?

ನಮ್ಮ ಕಡೆ ಉರಿಮೂತ್ರ ಅಂದ್ರೆ ಮೊದಲು ಬರುವ ಮಾತು ‘ಉಷ್ಣ ಆಗ್ಯದ’. ಅದು ಪೂರ್ತಿ ಸುಳ್ಳಲ್ಲ. ಬಿಸಿಲಲ್ಲಿ ಬೆವರು ಹರಿದು ನೀರು ಕಡಿಮೆಯಾದಾಗ ಮೂತ್ರ ಗಟ್ಟಿಯಾಗಿ, ಗಾಢ ಹಳದಿಯಾಗಿ ಸ್ವಲ್ಪ ಉರಿಯಬಹುದು. ನಾಲ್ಕೈದು ಲೋಟ ನೀರು, ಮಜ್ಜಿಗೆ ಕುಡಿದರೆ ಅರ್ಧ ದಿನದಲ್ಲಿ ಸರಿಹೋಗುತ್ತದೆ.

ಸೋಂಕು ಹಾಗಲ್ಲ. ಪದೇ ಪದೇ ಹೋಗಬೇಕೆನಿಸುತ್ತದೆ, ಹೋದರೆ ನಾಲ್ಕು ಹನಿ ಅಷ್ಟೇ. ತಡೆಯಲಾಗದ ಅವಸರ, ಕಿಬ್ಬೊಟ್ಟೆ ನೋವು, ಮಬ್ಬಾದ ಮೂತ್ರ, ಕೆಲವರಿಗೆ ರಕ್ತವೂ ಕಾಣುತ್ತದೆ. ತುರಿಕೆ, ಬಿಳಿಸೆರಗು ಜೊತೆಗಿದ್ದರೆ ಅದು ಬೇರೆ ಸೋಂಕಿರಬಹುದು, ಅದರ ಔಷಧಿಯೂ ಬೇರೆ. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ಜೀವ ಹಿಂಡುವ ನೋವಾದರೆ ಹರಳಿನ ಅನುಮಾನ.

ಚಳಿಜ್ವರ, ಬೆನ್ನಿನ ಒಂದು ಪಕ್ಕ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿರುವ ಸೂಚನೆ. ಆಗ ಅಂಗಡಿ ಗುಳಿಗೆ ನುಂಗಿ ‘ನಾಳೆ ನೋಡೋಣ’ ಅನ್ನಬಾರದು, ಅದೇ ದಿನ ದವಾಖಾನೆಗೆ ಹೋಗಬೇಕು. ಹರಳು ಇದ್ದವರಿಗೆ ಜ್ವರವೂ ಬಂದರೆ ರಾತ್ರಿಯಾದರೂ ಕಾಯದೆ 108ಕ್ಕೆ ಕರೆ ಮಾಡುವುದು ಲೇಸು.

ಹೆಣ್ಮಕ್ಕಳಿಗೇ ಯಾಕೆ ಹೆಚ್ಚು?

ಬಹುಪಾಲು ಸೋಂಕಿಗೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಕರುಳಿನಲ್ಲಿ ಅದು ಎಲ್ಲರಲ್ಲೂ ಇರುತ್ತದೆ, ಅಲ್ಲಿ ತೊಂದರೆ ಕೊಡೋದಿಲ್ಲ, ಮೂತ್ರದ ದಾರಿ ಹತ್ತಿದಾಗಲೇ ತಕರಾರು. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದವಿದ್ದರೆ ಹೆಂಗಸರದ್ದು ಸುಮಾರು 4 ಸೆಂ.ಮೀ. ಮಾತ್ರ. ಹಾಗಾಗಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು, ನಡತೆ ಶಂಕಿಸುವಂಥದ್ದು ಏನೂ ಇಲ್ಲ.

ದೇಹರಚನೆ ಬದಲಿಸಲು ಆಗೋದಿಲ್ಲ, ಆದರೆ ಇನ್ನೊಂದು ಕಾರಣ ನಾವೇ ಮಾಡಿಕೊಂಡದ್ದು. ಮೂತ್ರ ಹೊರಹೋಗುವಾಗ ಬ್ಯಾಕ್ಟೀರಿಯಾವನ್ನೂ ತೊಳೆದುಕೊಂಡು ಹೋಗುತ್ತದೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ, ಸೋಯಾ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಮಕ್ಕಳಿಗೆ ಹೋಗಲು ಜಾಗವೇ ಇಲ್ಲದಿದ್ದರೆ ಅವರು ಮಾಡೋದು ಒಂದೇ, ನೀರು ಕುಡಿಯೋದು ಬಿಡ್ತಾರೆ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆತನಕ ತಡೆದುಕೊಳ್ತಾರೆ. ಅವರಿಗೆ ‘ನೀರು ಹೆಚ್ಚು ಕುಡೀರಿ’ ಅಂತ ಬರೀ ಸಲಹೆ ಕೊಟ್ಟರೆ ಅರ್ಧ ಉಪಯೋಗ. ಗಾಂಧಿ ಗಂಜ್‌ನಂಥ ಮಾರುಕಟ್ಟೆಯಲ್ಲಿ ಒಂದು ಸಾಲಿನ ಅಂಗಡಿಯವರು ಸೇರಿ ಒಂದು ಶೌಚಾಲಯ ಸ್ವಚ್ಛವಾಗಿಟ್ಟು ಅದರ ಕೀಲಿ ಕೆಲಸದ ಹೆಣ್ಮಕ್ಕಳ ಕೈಗೆ ಕೊಟ್ಟರೆ ಅದು ಎಷ್ಟೋ ಸಿರಪ್ ಬಾಟಲಿಗಿಂತ ದೊಡ್ಡ ಔಷಧ.

ನೀರಿನ ಗುಣಕ್ಕೆ ಪುರಾವೆಯೂ ಇದೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುವ, ಪದೇ ಪದೇ ಸೋಂಕಾಗುವ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೂಢಿಗಿಂತ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕಾದರೆ, ಕುಡಿಯದವರಿಗೆ 3.2 ಸಲ ಆಯಿತು. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಮೊದಲು ಮೂತ್ರ, ಆಮೇಲೆ ಗುಳಿಗೆ

ಆರೋಗ್ಯವಾಗಿರುವ ಹೆಂಗಸಿಗೆ ಮೊದಲ ಸಲ, ಜ್ವರವಿಲ್ಲದೆ ಬಂದ ಸೋಂಕಾದರೆ ವೈದ್ಯರು ಲಕ್ಷಣ ನೋಡಿಯೇ ಔಷಧಿ ಬರೆಯಬಹುದು. ಮತ್ತೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಗಂಡಸರಿಗೆ ಅಥವಾ ಮಕ್ಕಳಿಗೆ ಬಂದರೆ ಕಲ್ಚರ್ ಪರೀಕ್ಷೆ ಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತದೆ ಎಂದು ಅದರಲ್ಲಿ ತಿಳಿಯುತ್ತದೆ. ವರದಿಗೆ ಎರಡು ಮೂರು ದಿನ ಬೇಕು. ಗುಳಿಗೆ ಶುರು ಮಾಡಿದ ಮೇಲೆ ಮೂತ್ರ ಕೊಟ್ಟರೆ ಫಲಿತಾಂಶ ತಪ್ಪಬಹುದು.

ಇಲ್ಲಿ ಹಳ್ಳಿಯವರಿಗೆ ಒಂದು ಸೂಚನೆ. ಭಾಲ್ಕಿ, ಔರಾದ್ ಕಡೆಯಿಂದ ಬೀದರಿಗೆ ಸುಮಾರು 40 ಕಿ.ಮೀ. ಮನೆಯಲ್ಲೇ ಬಾಟಲಿ ತುಂಬಿಕೊಂಡು ಬಿಸಿಲಲ್ಲಿ ಬಸ್ ಹತ್ತಿದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ವರದಿ ಕೆಡುತ್ತದೆ. ಮೂತ್ರ ಎರಡು ತಾಸಿನೊಳಗೆ ಲ್ಯಾಬ್ ಸೇರಬೇಕು. ಆದ್ದರಿಂದ ಲ್ಯಾಬಿನಲ್ಲೇ ಅವರು ಕೊಡುವ ಸ್ವಚ್ಛ ಡಬ್ಬಿಯಲ್ಲಿ ಕೊಡುವುದು ಒಳ್ಳೆಯದು. ಮೊದಲು ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನ ಧಾರೆ ಹಿಡಿಯಬೇಕು.

ಔಷಧಿ ವಿಷಯ

ಜ್ವರವಿಲ್ಲದ ಸಾದಾ ಮೂತ್ರಕೋಶದ ಸೋಂಕಿಗೆ ಈಗ ವೈದ್ಯರು ಮುಂದಿಡುವುದು ನೈಟ್ರೊಫ್ಯುರಾಂಟೊಯಿನ್, ಸಾಮಾನ್ಯವಾಗಿ 5 ದಿನ, ಇಲ್ಲವೇ ಒಂದೇ ಸಲ ನೀರಿನಲ್ಲಿ ಕಲಸಿ ಕುಡಿಯುವ 3 ಗ್ರಾಂ ಫಾಸ್ಫೊಮೈಸಿನ್. ನೈಟ್ರೊಫ್ಯುರಾಂಟೊಯಿನ್ ಊಟದ ಜೊತೆ ತಗೋಬೇಕು. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಆದರೆ ಕಿಡ್ನಿ ದುರ್ಬಲವಿದ್ದವರಿಗೆ, ಹೆರಿಗೆ ಹತ್ತಿರ ಬಂದವರಿಗೆ ಇದು ಆಗಿಬರೋದಿಲ್ಲ. ಹಾಗಾಗಿ ನೆರೆಮನೆಯವರ ಚೀಟಿ ತೋರಿಸಿ ತರುವ ಔಷಧಿ ಇದಲ್ಲ.

ಹಿಂದೆ ಕಣ್ಣುಮುಚ್ಚಿ ಕೊಡುತ್ತಿದ್ದ ನಾರ್‌ಫ್ಲೊಕ್ಸಾಸಿನ್, ಸಿಪ್ರೊಫ್ಲೊಕ್ಸಾಸಿನ್ ಗುಳಿಗೆಗಳಿಗೆ ನಮ್ಮ ದೇಶದ ಇ. ಕೋಲಿ ಬಹುಮಟ್ಟಿಗೆ ಒಗ್ಗಿಹೋಗಿದೆ. ‘ಉರಿ ಇಳೀತು, ಸಾಕು’ ಅಂತ ಅರ್ಧಕ್ಕೆ ಬಿಟ್ಟವರ, ಬೇಡದಿದ್ದರೂ ನುಂಗಿದವರ ಪಾಲೂ ಇದರಲ್ಲಿದೆ.

ಇನ್ನು ಆ ಸಿರಪ್. ಮೂತ್ರದ ಆಮ್ಲ ತಗ್ಗಿಸಿ ಉರಿ ಶಮನ ಮಾಡುತ್ತದೆ, ಬ್ಯಾಕ್ಟೀರಿಯಾ ಕೊಲ್ಲೋದಿಲ್ಲ. ಮೇಲಾಗಿ ನೈಟ್ರೊಫ್ಯುರಾಂಟೊಯಿನ್ ಜೊತೆ ಕೊಟ್ಟರೆ ಆ ಗುಳಿಗೆಯ ಬಲವೇ ಕುಗ್ಗುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿಕೊಡುವ ಅಂಗಡಿಯವರು ಇದನ್ನು ಗಮನಿಸಬೇಕು. ಸಬ್ಜಾ, ಬಾರ್ಲಿ ನೀರು, ಮಜ್ಜಿಗೆ ಕುಡಿಯಲು ಅಡ್ಡಿಯಿಲ್ಲ, ನೀರಿನಂಶ ಸಿಗುತ್ತದೆ. ಅಡುಗೆ ಸೋಡಾ ಮಾತ್ರ ಬಿಪಿ ಇದ್ದವರಿಗೆ ಬೇಡ.

ಔಷಧ ಅಂಗಡಿಯವರಿಗೆ ಕಾನೂನೂ ಇದೆ. ಪೊಟ್ಟಣದ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಬೇಕು. ಸೆಫಿಕ್ಸಿಮ್, ಲಿವೊಫ್ಲೊಕ್ಸಾಸಿನ್‌ನಂಥವು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು.

ತಡೆಯಲು ದಿನನಿತ್ಯದ ರೂಢಿ

ಮೂರ್ನಾಲ್ಕು ತಾಸಿಗೊಮ್ಮೆ ಹೋಗುವುದು, ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯುವುದು, ದಂಪತಿ ಕೂಡಿದ ನಂತರ ಮೂತ್ರ ಮಾಡುವುದು. ಒಳಗೆಲ್ಲ ಸೋಪು, ಡೆಟಾಲ್ ಹಾಕಿ ತೊಳೆಯುವುದು ಉಪಕಾರಕ್ಕಿಂತ ಅಪಕಾರ. ಮುಟ್ಟು ನಿಂತ ಮೇಲೆ ಪದೇ ಪದೇ ಸೋಂಕಾಗುವವರಿಗೆ ಹಚ್ಚಿಕೊಳ್ಳುವ ಹಾರ್ಮೋನ್ ಮುಲಾಮು ಇದೆ, ಸ್ತ್ರೀರೋಗ ತಜ್ಞರನ್ನು ಕೇಳಬೇಕು. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಯಾವ ಗುಳಿಗೆಯೂ ಬಹಳ ದಿನ ಕಾಯೋದಿಲ್ಲ. ವಯಸ್ಸಾದ ಗಂಡಸರಿಗೆ ಸೋಂಕಾದರೆ ಪ್ರಾಸ್ಟೇಟ್ ತೋರಿಸಬೇಕು. ಸಣ್ಣ ಮಕ್ಕಳಿಗೆ ಕೆಮ್ಮು ನೆಗಡಿ ಏನೂ ಇಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆ ಮರೆಯಬಾರದು.

ಗರ್ಭಿಣಿಯರಿಗೆ ಉರಿ ಇಲ್ಲದೆಯೂ ಸೋಂಕು ಇರಬಹುದು. ಬಿಟ್ಟರೆ ಕಿಡ್ನಿಗೆ ಏರುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಯಲ್ಲಿ ಮೂತ್ರ ಪರೀಕ್ಷೆಯನ್ನೂ ಮಾಡ್ತಾರೆ. ತಾಯಿ ಕಾರ್ಡ್ ಹಿಡಿದು ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗೆ ಹೋದರಾಯಿತು. ಜ್ವರ, ವಾಂತಿ ಇರುವವರನ್ನು ಬೀದರಿನ ಬ್ರಿಮ್ಸ್‌ಗೆ ಕಳಿಸಬಹುದು. ಯಾವುದಕ್ಕೆ ಎಲ್ಲಿ ಹೋಗಬೇಕು ಗೊತ್ತಾಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಬಹುದು.