‘ಬೇಕು’ ಮತ್ತು ‘ಲೇಬೇಕು’

ಸ್ಟೀವ್ ವಾ ಬ್ಯಾಟಿಂಗಿಗೆ ಇಳಿದರೆ ಜೇಬಿನಲ್ಲೊಂದು ಕೆಂಪು ವಸ್ತ್ರ ಇರುತ್ತಿತ್ತು. ಆಟಗಾರರ ಅವಿವೇಕದ ನಂಬಿಕೆ ಎಂದಕೂಡಲೇ ನಮಗೆ ನೆನಪಾಗುವುದು ಇಂಥವೇ. ಆದರೆ ಮನಶ್ಶಾಸ್ತ್ರಜ್ಞರು ಅಳೆಯಲು ಹೊರಟದ್ದು ಇದನ್ನಲ್ಲ. ಅವರ ಕಣ್ಣಿರುವುದು ‘ನಾನು ಗೆಲ್ಲಲೇಬೇಕು’ ಎಂಬ ಮಾತಿನ ಮೇಲೆ.

ಈ ಕತೆ ಹುಟ್ಟಿದ್ದು ಮೈದಾನದಲ್ಲಲ್ಲ, ನ್ಯೂಯಾರ್ಕಿನಲ್ಲಿ. ಮನೋವಿಶ್ಲೇಷಣೆಯ ಹಾದಿಯಿಂದ ಬೇಸತ್ತ ಆಲ್ಬರ್ಟ್ ಎಲ್ಲಿಸ್ 1955ರ ಹೊತ್ತಿಗೆ ತನ್ನದೇ ಚಿಕಿತ್ಸೆಯೊಂದನ್ನು ಕಟ್ಟಿದ. ನಮ್ಮನ್ನು ಕದಡುವುದು ನಡೆದ ಸಂಗತಿಗಿಂತ ಅದರ ಬಗೆಗಿನ ನಮ್ಮ ತೀರ್ಪು ಎಂಬ ಎಪಿಕ್ಟೆಟಸನ ವಿಚಾರ ಅದಕ್ಕೆ ಬೇರು. 1962ರ ಪುಸ್ತಕದಲ್ಲಿ ಹನ್ನೊಂದು ಅವಿವೇಕದ ನಂಬಿಕೆಗಳನ್ನು ಪಟ್ಟಿ ಮಾಡಿದ.

ಪಟ್ಟಿ ಸಿಕ್ಕ ಮೇಲೆ ಅಳತೆಗೋಲು ಬಾರದಿರುತ್ತದೆಯೇ? 1968ರಲ್ಲಿ ಆರ್. ಜಿ. ಜೋನ್ಸ್ ನೂರು ವಾಕ್ಯಗಳ ಪರೀಕ್ಷೆಯೊಂದನ್ನು ತಂದ. ಅದು ಬಹಳ ಕಾಲ ಬಳಕೆಯಲ್ಲಿತ್ತು. ಆಮೇಲೆ ತಕರಾರು ಎದ್ದಿತು: ಇದರ ಎಷ್ಟೋ ವಾಕ್ಯಗಳು ನಂಬಿಕೆಯನ್ನು ಬಿಟ್ಟು ಕಳವಳವನ್ನೇ ಕೇಳುತ್ತವಲ್ಲ! ‘ಚಿಂತೆಯಾಗುತ್ತದೆ’ ಎಂದವನಿಗೆ ಆತಂಕ ಹೆಚ್ಚು ಎಂದು ಸಾಧಿಸಿದರೆ, ಮೈ ಬಿಸಿಯಿದ್ದವನಿಗೆ ಜ್ವರವಿದೆ ಎಂದಷ್ಟೇ ಆಯಿತು. ಕಾರಣ ತಿಳಿಯಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ಇದೇ ಮುಖ್ಯ ತಿರುವು.

2018ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಟರ್ನರ್ ಮತ್ತು ಸಂಗಡಿಗರು ಸಾಧನೆಯ ಒತ್ತಡವಿರುವವರಿಗೆಂದೇ 28 ವಾಕ್ಯಗಳ ಪ್ರಶ್ನಾವಳಿ ಪ್ರಕಟಿಸಿದರು. ನಾಲ್ಕು ಗುಂಪು: ಆಗಲೇಬೇಕೆಂಬ ಹಟ, ಆಗದಿದ್ದರೆ ಸಹಿಸಲಾರೆನೆಂಬ ಭಾವ, ಸೋಲೆಂದರೆ ಪ್ರಳಯವೆಂಬ ಭ್ರಮೆ, ಸೋತ ನಾನು ಕೆಲಸಕ್ಕೆ ಬಾರದವನೆಂಬ ತೀರ್ಮಾನ. ಕೊನೆಯದು ನನ್ನ ಮಟ್ಟಿಗೆ ಅತಿ ಕ್ರೂರ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪಿ. ಟಿ. ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಅಂಥದ್ದಕ್ಕೆ ಮರುಗುವುದು ಅವಿವೇಕವೆಂದು ಎಲ್ಲಿಸ್ ಕೂಡ ಹೇಳುತ್ತಿರಲಿಲ್ಲ. ನಷ್ಟವನ್ನು ಇಡೀ ಬದುಕಿನ ಬೆಲೆಯಾಗಿಸಿದರೆ ಮಾತ್ರ ಅವನ ತಕರಾರು.

ಇವನ್ನು ಕನ್ನಡಕ್ಕೆ ತಂದರೆ ಹೇಗೆ ಎಂದು ಯೋಚಿಸಿದೆ. ನಮ್ಮ ‘ಬೇಕು’ ಆಸೆಗೂ ಸಲ್ಲುತ್ತದೆ, ಅಪ್ಪಣೆಗೂ ಸಲ್ಲುತ್ತದೆ. ‘ನನಗೆ ಗೆಲುವು ಬೇಕು’ ಎಂಬುದು ಆರೋಗ್ಯ. ‘ಗೆಲ್ಲಲೇಬೇಕು’ ಎಂಬುದು ಎಲ್ಲಿಸನ ರೋಗ. ನಡುವೆ ಇರುವುದು ಒಂದು ‘ಲೇ’. ಆ ‘ಲೇ’ಯನ್ನೇ ನಮ್ಮ ಕೋಚುಗಳು ಛಲವೆಂದು ದಿನಾ ಬೆಳಗ್ಗೆ ಕೂಗಿಸುತ್ತಾರೆ. ಹುಡುಗಿಯೊಬ್ಬಳು ಅದಕ್ಕೆ ‘ಪೂರ್ತಿ ಒಪ್ಪುತ್ತೇನೆ’ ಎಂದು ಗುರುತು ಹಾಕಿದರೆ ಅದು ನಂಬಿಕೆಯೋ, ಬಾಯಿಪಾಠವೋ? ಹಾಳೆ ಹೇಳುವುದಿಲ್ಲ. ಎಲ್ಲಿಸನಾದರೆ ಎದುರಿಗೆ ಕೂರಿಸಿಕೊಂಡು, ಹಾಗೆಂದು ಎಲ್ಲಿ ಬರೆದಿದೆಯಮ್ಮ ಎಂದು ಕೇಳಿಬಿಡುತ್ತಿದ್ದ.